ಅವನು ಮತ್ತು ಅವರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಯಾವುದಕ್ಕೆ ಕರೆದರೂ ಕ್ಯಾಮೆರಾ ಹೊತ್ತು ಹೋಗುತ್ತೇನೆ. ಹದಿನಾಲ್ಕು ವರ್ಷ ಊರವರ ಮದುವೆಗಳನ್ನು ಚಿತ್ರೀಕರಿಸಿದ ಮೇಲೆ, ಮದುವೆ ಬೇಡವೆನ್ನುವ ಒಬ್ಬ ಹುಡುಗನ ಕತೆಯನ್ನೂ ತೆಗೆಯಬೇಕೆನ್ನಿಸಿತು. ಹುಡುಗ ಸೈನ್ಯದಲ್ಲಿದ್ದಾನೆ, ವಯಸ್ಸು 24. ರಜೆಯಲ್ಲಿ ಊರಿಗೆ ಬಂದಿದ್ದಾನೆ. ತಾಯಿ ಜಾತಕಗಳನ್ನು ಸಾಲಾಗಿ ಇಟ್ಟುಕೊಂಡು ಕಾದಿದ್ದಾರೆ. ಅವನ ಮನಸ್ಸು ಮಾತ್ರ ಅಡಿಕೆಗೆ ಮದ್ದು ಬಿಡಲು ಬರುವ ಬಾಲ್ಯದ ಗೆಳೆಯನ ಹಿಂದೆ ಸುತ್ತುತ್ತದೆ, ಮತ್ತು ಅದು ಏನೆಂದು ನಿಧಾನವಾಗಿ ಅವನಿಗೇ ತಿಳಿಯುತ್ತದೆ. ಇಷ್ಟೇ ಕತೆ, ಐವತ್ತು ನಿಮಿಷ.

ಮೊದಲು ಎದುರಾದದ್ದು ಸಮವಸ್ತ್ರದ ಪ್ರಶ್ನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ನಡೆಸುವ ಸಂಬಂಧ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಡಿ ಅಪರಾಧವಾಗಿ ಉಳಿಯಲಿಲ್ಲ. ಆದರೆ ಸೈನಿಕರಿಗೆ 1950ರ ಸೇನಾ ಕಾಯ್ದೆ ಬೇರೆಯೇ ಇದೆ. ತೀರ್ಪಿನ ನಾಲ್ಕೇ ತಿಂಗಳಲ್ಲಿ, ಇದಕ್ಕೆ ಸೈನ್ಯದೊಳಗೆ ಜಾಗವಿಲ್ಲವೆಂದು ಅಂದಿನ ಮುಖ್ಯಸ್ಥ ಬಿಪಿನ್ ರಾವತ್ ಹೇಳಿದ್ದರು. ಸೈನ್ಯದ ಕತೆಯ ಚಿತ್ರಗಳು ರಕ್ಷಣಾ ಸಚಿವಾಲಯದ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂಬ ಸೂಚನೆ 2020ರಲ್ಲಿ ಬಂತು. ಹಿಂದಿ ನಿರ್ದೇಶಕ ಓನಿರ್ ಅವರ ಇಂಥದೇ ಒಂದು ಚಿತ್ರಕಥೆಗೆ ಆ ಪತ್ರ ಸಿಗಲಿಲ್ಲವೆಂಬ ಸುದ್ದಿ 2022ರ ಜನವರಿಯಲ್ಲಿ ಓದಿದೆ. ಅವರಿಗೆ ಸಿಗದ್ದು ಮದುವೆ ವಿಡಿಯೋದವನಿಗೆ ಸಿಗುತ್ತದೆಯೇ? ಕತೆಯನ್ನೇ ರಜೆಯೊಳಗೆ ಇಟ್ಟುಬಿಟ್ಟೆ. ಚಿತ್ರದಲ್ಲಿ ಸಮವಸ್ತ್ರವಿಲ್ಲ, ಬಂದೂಕಿಲ್ಲ. ಕರಿ ಬಣ್ಣದ ತಗಡಿನ ಪೆಟ್ಟಿಗೆಯೊಂದಿದೆ, ಅದೂ ಮಂಚದ ಕೆಳಗೆ.

ಇಕ್ಕಟ್ಟಿನಿಂದ ಹುಟ್ಟಿದ ಈ ಉಪಾಯವೇ ಕತೆಗೆ ಆಕಾರ ಕೊಟ್ಟಿತು. ಜವಾನನಿಗೆ ವರ್ಷಕ್ಕೆ ವಾರ್ಷಿಕ ರಜೆ 60 ದಿನ. ನಮ್ಮ ತೋಟಗಳಲ್ಲಿ ಕೊಳೆರೋಗಕ್ಕೆ ಮೊದಲ ಸಲ ಮದ್ದು ಬಿಡುವುದು ಮಳೆ ಹಿಡಿಯುವ ಮುಂಚೆ, ಎರಡನೆಯದು ಸುಮಾರು 45 ದಿನ ಕಳೆದು. ಗೆಳೆಯ ಮೊದಲ ಮದ್ದಿಗೆ ಬಂದಾಗ ಚಿತ್ರ ಶುರು, ಎರಡನೆಯ ಮದ್ದಿಗೆ ಬಂದಾಗ ಮುಗಿತಾಯ.

ನೆರೆಮನೆಯ ನಿವೃತ್ತ ಹವಾಲ್ದಾರರು ಪುಕ್ಕಟೆ ಸಲಹೆಗಾರರು. ರಜೆಯಲ್ಲಿ ಬಂದವನು ನಾಲ್ಕೂವರೆಗೆ ಎದ್ದು, ಹೊದಿಕೆ ಮಡಚಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುತ್ತಾನೆ ಎಂದರು. ಲೆಕ್ಕ ಮಾಡುವುದು ಹಿಂದಿಯಲ್ಲಿ ಎಂದೂ ಹೇಳಿದರು. ನಮ್ಮ ಹುಡುಗ ಅಡಿಕೆ ಗೊನೆಗಳನ್ನು 'ಏಕ್, ದೋ' ಎಂದು ಎಣಿಸುವುದು ಹಾಗೆ ಬಂದದ್ದು. ಕತೆ ಪೂರ್ತಿ ಕೇಳಿದ ಮೇಲೂ ಅವರು ಬರುವುದನ್ನು ನಿಲ್ಲಿಸಲಿಲ್ಲ, ಕತೆಯ ಬಗ್ಗೆ ಮಾತೂ ಆಡಲಿಲ್ಲ.

ಪಾತ್ರಕ್ಕೆ ಕೇಳಿದ ಮೊದಲ ಇಬ್ಬರು ಕತೆ ಕೇಳಿ ಫೋನ್ ಎತ್ತುವುದನ್ನೇ ಬಿಟ್ಟರು. ಒಪ್ಪಿದವನು ಹವ್ಯಾಸಿ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದವನು. ಸಂಕೋಚ ಅವನಿಗೆ ವೇಷ ಕಟ್ಟುವ ಚೌಕಿಯಲ್ಲೇ ಕಳೆದಿತ್ತು. ಇದನ್ನು ಹೇಳಿದರೆ ಕೆಲವರು ನಗುತ್ತಾರೆ, 'ಹಾಗಾದರೆ ಸರಿಯಾಯಿತು' ಎನ್ನುತ್ತಾರೆ. ಸರಿಯಾದದ್ದು ಏನೂ ಅಲ್ಲ. ಜವಾನನ ನಡಿಗೆ ಕಲಿಸಲು ಹವಾಲ್ದಾರರಿಗೆ ಮೂರು ವಾರ ಬೇಕಾಯಿತು.

ಪ್ರಣಯದ ದೃಶ್ಯ ಹೇಗೆ ತೆಗೆಯುವುದೆಂದು ಬಹಳ ದಿನ ತಿಳಿಯಲಿಲ್ಲ. ಕೊನೆಗೆ ಮದ್ದು ಕಲಸುವುದನ್ನೇ ತೆಗೆದೆ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಇನ್ನೊಂದರಲ್ಲಿ 50 ಲೀಟರಿಗೆ ಒಂದು ಕಿಲೋ ಸುಣ್ಣ. ಎರಡೂ ಕೂಡಿದಾಗ ಆಕಾಶದ ಬಣ್ಣ. ಹದ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಗೆಳೆಯ ಅದ್ದಿ ತೆಗೆಯುತ್ತಾನೆ, ಇಬ್ಬರ ತಲೆಗಳೂ ಒಂದೇ ಅಲಗಿನ ಮೇಲೆ ಬಾಗುತ್ತವೆ, 'ಇನ್ನೂ ಸ್ವಲ್ಪ' ಎನ್ನುತ್ತಾನೆ. ಸಂಜೆ ಜವಾನನ ಕುತ್ತಿಗೆಯ ಹಿಂದೆ ಬಿಳಿನೀಲಿಯ ನಾಲ್ಕು ಬೆರಳ ಗುರುತು. ಅದನ್ನು ಅವನು ನೋಡಿಲ್ಲ, ತಾಯಿ ನೋಡುತ್ತಾರೆ.

ನಿಜವಾದ ಕಷ್ಟ ಮಾತಿನದು. ಪತ್ರಿಕೆಗಳಲ್ಲಿ 'ಸಲಿಂಗಿ' ಎಂಬ ಪದ ಇದೆ, ಆದರೆ ನಮ್ಮ ಕಡೆಯ ಹುಡುಗ ತನ್ನ ಬಗ್ಗೆ ಆ ಪದ ಎತ್ತುವುದಿಲ್ಲ. ಅವನು ತಾಯಿಯೊಡನೆ ಕನ್ನಡ, ಗೆಳೆಯನೊಡನೆ ತುಳು, ಪಂಚಾಯತಿನಲ್ಲಿ ಮಲಯಾಳಂ, ಬ್ಯಾರಕ್ಕಿನಲ್ಲಿ ಹಿಂದಿ ಆಡುವವನು. ನಾಲ್ಕು ಭಾಷೆ ಬಲ್ಲವನಿಗೂ ಇದನ್ನು ಹೇಳಿಕೊಳ್ಳಲು ಒಂದರಲ್ಲೂ ಮಾತಿಲ್ಲ. ಆಗ ನನಗೊಂದು ಜಾಣತನ ಹೊಳೆಯಿತು. ಕನ್ನಡದಲ್ಲಿ 'ಅವರು' ಎಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಕ್ರಿಯಾಪದವೂ ಬಿಟ್ಟುಕೊಡುವುದಿಲ್ಲ. ಹುಡುಗ ಚಿತ್ರದುದ್ದಕ್ಕೂ 'ಒಬ್ಬರು ಇದ್ದಾರೆ, ಅವರು ಹೀಗೆ, ಅವರು ಹಾಗೆ' ಎಂದು ತಾಯಿಗೆ ಹೇಳಲಿ, ಕೊನೆಯಲ್ಲಿ 'ಅವನು' ಎನ್ನಲಿ. ಒಂದೇ ಸರ್ವನಾಮದಲ್ಲಿ ಗುಟ್ಟು ಒಡೆಯುತ್ತದೆ! ಮಾತೆಲ್ಲ ಹಾಗೆಯೇ ಬರೆದೆ, ಬಹಳ ಹೆಮ್ಮೆಯಿಂದ.

ತಾಯಿಯ ಪಾತ್ರ ಮಾಡಿದವರು ನಿವೃತ್ತ ಕನ್ನಡ ಟೀಚರ್. ಓದಿ ಮುಗಿಸಿ ಕನ್ನಡಕ ತೆಗೆದರು. "ಇದು ತಿರುಗುಮುರುಗಾಗಿ ಉಂಟಲ್ಲ," ಎಂದರು. "ಮದ್ದು ಬಿಡುವ ಹುಡುಗನನ್ನು 'ಅವನು' ಎನ್ನುವುದಕ್ಕೆ ಯಾರಿಗೆ ಹೆದರಿಕೆ? ಊರೆಲ್ಲ ಹಾಗೆಯೇ ಕರೆಯುತ್ತದೆ. ನನ್ನ ಮನೆಯವರು ಹೋಗಿ ಒಂಬತ್ತು ವರ್ಷವಾಯಿತು, ಇವತ್ತಿಗೂ ನಾನು 'ಅವರು' ಎಂದೇ ಹೇಳುವುದು. ಹೆಸರು ಹೇಳಿದವಳೇ ಅಲ್ಲ. ನನ್ನ ಮಗ ಒಂದು ದಿನ ಆ ಹುಡುಗನನ್ನು 'ಅವರು' ಎಂದರೆ, ನನಗೆ ಬೇರೇನೂ ಹೇಳಬೇಕಾಗಿಲ್ಲ."

ಅರ್ಧಕ್ಕಿಂತ ಹೆಚ್ಚು ಸಂಭಾಷಣೆ ಮತ್ತೆ ಬರೆದೆ. ಈಗ ಹುಡುಗ ಎಲ್ಲರಂತೆ 'ಅವನು ಬಂದನೇ, ಅವನಿಗೆ ಚಹಾ ಕೊಟ್ಟಿರೇ' ಎಂದು ಕೇಳುತ್ತಾನೆ. ಶುರುವಿನಲ್ಲೇ ತಾಯಿ, ತೀರಿಕೊಂಡ ಗಂಡನನ್ನು ನೆನೆದು, 'ಅವರು ಇದ್ದಾಗ ಈ ಗುಡ್ಡದ ಸುರಂಗದ ನೀರು ಬತ್ತಿದ್ದೇ ಇಲ್ಲ' ಎನ್ನುತ್ತಾರೆ. ನೋಡುವವರ ಕಿವಿಗೆ ಅಷ್ಟು ಬಿದ್ದಿದ್ದರೆ ಸಾಕು. ಮಲಯಾಳಂ ಅಡಿಬರಹಕ್ಕೆ ಕೂತಾಗ ಮಾತ್ರ ಅದನ್ನು ಬರೆಯುವ ನನ್ನ ಗೆಳೆಯ ಕೈ ಚೆಲ್ಲಿದ. ಹುಡುಗನ ಬಾಯಿಯ ಕೊನೆಯ 'ಅವರು' ಎಂಬುದಕ್ಕೆ 'ಅದ್ದೇಹಂ' ಎಂದು ಹಾಕಿದರೆ ಮನೆಗೆ ಮಂತ್ರಿ ಬಂದ ಹಾಗಾಗುತ್ತದಂತೆ. ಆ ಒಂದು ಸಾಲು ಅಡಿಬರಹವಿಲ್ಲದೆ ಹೋಗುತ್ತದೆ.

ಕೊನೆಯ ದೃಶ್ಯ ತೆಗೆದ ದಿನ ಮಳೆ ಬಿಟ್ಟದ್ದು ಮಧ್ಯಾಹ್ನ. ಅಡುಗೆಮನೆ ಇಕ್ಕಟ್ಟು, ಕ್ಯಾಮೆರಾ ಬಾಗಿಲ ಬಳಿ, ಫ್ರೇಮಿನಲ್ಲಿ ಹುಡುಗ ಒಬ್ಬನೇ. ಅವನು ಹೊಸ್ತಿಲಲ್ಲಿ ನಿಂತು, "ಅಮ್ಮಾ, ಅವರು ಊಟಕ್ಕೆ ಇರುತ್ತಾರಂತೆ," ಎನ್ನಬೇಕು. ತಾಯಿ ಸುಮ್ಮನೆ ಇರಬೇಕು. ಅವನು ಹೇಳಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಚ್ಚಳ ತೆಗೆದ ಸದ್ದು, ಇನ್ನೊಂದು ಕುಡ್ತೆ ಅಕ್ಕಿ ಪಾತ್ರೆಗೆ ಬಿದ್ದ ಸದ್ದು. ಅದು ನಾನು ಬರೆದದ್ದಲ್ಲ. ಟೀಚರ ಕೈ ಕಾಣುವಂತೆ ಇನ್ನೊಮ್ಮೆ ತೆಗೆಯೋಣವೇ ಎಂದು ಕೇಳಿದೆ.

"ಅಕ್ಕಿಗೆ ನೀರು ಹಾಕಿ ಆಯಿತು," ಎಂದರು.