ಅಕ್ಷತೆಯ ಕಾಳು ಡಿವಿಡಿಯಲ್ಲಿ ಉಳಿದ ಬಗೆ

2004ರಲ್ಲಿ ನಡೆದ ಅಕ್ಕನ ಮದುವೆಯ ಚಿತ್ರೀಕರಣ ಎರಡು ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿತ್ತು. ಎರಡೂ ಸೇರಿ ಒಂದು ಗಂಟೆ ಐವತ್ತು ನಿಮಿಷ. ಅದನ್ನು ಒಂದೇ ಡಿವಿಡಿಗೆ ಇಳಿಸಿ ಅಮ್ಮನಿಗೆ ತೋರಿಸಿದಾಗ, ಮಾಂಗಲ್ಯಧಾರಣೆಯ ಹೊತ್ತಿಗೆ ಅವರು, “ಇದೇನೋ, ಅಕ್ಷತೆಯೆಲ್ಲ ಹಿಟ್ಟಾಗಿ ಬಿದ್ದಿದೆ?” ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಗಟ್ಟಿಮೇಳ ಶುರುವಾಗಿ ನೂರಾರು ಕಾಳು ಒಟ್ಟಿಗೆ ಹಾರಿದೊಡನೆ ಪರದೆಯ ತುಂಬ ಚೌಕಾಕಾರದ ಕಲೆಗಳು ಮೂಡಿ, ವಧೂವರರ ಮುಖವೂ ಅದರಲ್ಲಿ ಕಲಸಿಹೋಗಿತ್ತು.

ನಾನು ಮೊದಲು ಡಿಸ್ಕನ್ನೂ ಆಮೇಲೆ ಬರ್ನರನ್ನೂ ಶಂಕಿಸಿ, ಬೇರೆ ಡಿಸ್ಕ್ ತಂದು ಮತ್ತೆ ಬರೆದೆ. ಫಲಿತಾಂಶ ಅದೇ. ಡಿಸ್ಕಿಗೆ ಬರೆಯುವ ಸಾಧನವಾದ ಬರ್ನರ್, ತನಗೆ ಕೊಟ್ಟ ಕಡತವನ್ನು ಹಾಗೆಯೇ ಬರೆಯುತ್ತದೆ. ಚಿತ್ರ ಕೆಡುವುದು ಅದಕ್ಕೂ ಮೊದಲು, ಸೆಕೆಂಡಿಗೆ 25 ಮೆಗಾಬಿಟ್‌ನ ಡಿವಿ ಚಿತ್ರವನ್ನು ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಕುಗ್ಗಿಸುವಾಗ. 4.7 ಜಿಬಿ ಎಂದರೆ 37.6 ಶತಕೋಟಿ ಬಿಟ್. ಅದನ್ನು 6,600 ಸೆಕೆಂಡುಗಳಿಗೆ ಹಂಚಿದರೆ ಧ್ವನಿಯೂ ಸೇರಿ ಸೆಕೆಂಡಿಗೆ 5.7 ಮೆಗಾಬಿಟ್ ಮಾತ್ರ ಸಿಗುತ್ತದೆ. ಮಂಟಪದಲ್ಲಿ ಎಲ್ಲರೂ ಸುಮ್ಮನೆ ಕುಳಿತಿರುವ ದೃಶ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು, ಆದರೆ ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುವ ಅಕ್ಷತೆಗೆ ಸಾಲದು.

ಹಾಗಾಗಿ ಒಂದೇ ಡಿಸ್ಕಿನ ಹಟ ಬಿಟ್ಟು, ಕ್ಯಾಸೆಟ್ಟಿಗೊಂದರಂತೆ ಎರಡು ಮಾಡಿದೆ. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರಿಗೆ ತಂದಾಗ ಟೇಪಿನಲ್ಲಿದ್ದ ಅಂಕಿಗಳೇ ನಕಲಾಗುತ್ತವೆ. ಮೊದಲ ಸಲ ನಾನು ಬಳಸಿದ್ದ ಹಳದಿ ಪಿನ್ನಿನ ಎವಿ ಕೇಬಲ್‌ನಲ್ಲಿ ಆ ಅನುಕೂಲವಿಲ್ಲ. 55 ನಿಮಿಷಕ್ಕೆ ಸುಮಾರು 12 ಜಿಬಿ ಆಯಿತು. ಅದನ್ನು ಎರಡು ಸುತ್ತಿನ ಎನ್‌ಕೋಡಿಂಗ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ ಕಷ್ಟದ ದೃಶ್ಯಗಳನ್ನು ಗುರುತಿಸಿ ಎರಡನೆಯದರಲ್ಲಿ ಅವಕ್ಕೆ ಹೆಚ್ಚು ಬಿಟ್ ಕೊಡುವಂತೆ, ಸರಾಸರಿ 7.5, ಗರಿಷ್ಠ 8.2 ಮೆಗಾಬಿಟ್‌ಗೆ ಕುಗ್ಗಿಸಿದೆ. ಡಿವಿಡಿ ನಿಯಮ ವಿಡಿಯೊಗೆ 9.8ರವರೆಗೆ, ಧ್ವನಿಯೂ ಸೇರಿ 10.08ರವರೆಗೆ ಒಪ್ಪುತ್ತದೆಯಾದರೂ ಅಂಚಿಗೆ ಹೋದರೆ ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ. ನಾದಸ್ವರವನ್ನು ಕುಗ್ಗಿಸಲು ಮನಸ್ಸಾಗದೆ 1.5 ಮೆಗಾಬಿಟ್‌ನ ಪಿಸಿಎಂ ಧ್ವನಿಯನ್ನೇ ಉಳಿಸಿಕೊಂಡೆ.

ಇಷ್ಟಾದರೂ ಆರತಿ ತಟ್ಟೆ ಸುತ್ತುವಾಗ ದೀಪಗಳು ಹಿಂದೆ ಮುಂದೆ ಜಿಗಿಯುತ್ತಿದ್ದವು. ಮಿನಿ ಡಿವಿಯ ಪ್ರತಿ ಫ್ರೇಮಿನಲ್ಲೂ ಎರಡು ಫೀಲ್ಡ್, ಅಂದರೆ ಒಂದು ಬಿಟ್ಟು ಒಂದು ಸಾಲುಗಳಿಂದಾದ ಎರಡು ಅರ್ಧಚಿತ್ರಗಳಿದ್ದು, ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ನಾನು ಮೇಲಿನದು ಮೊದಲು ಎಂದು ಆಯ್ಕೆ ಮಾಡಿದ್ದೆ. ಕಂಪ್ಯೂಟರ್ ಪರದೆಯಲ್ಲಿ ಈ ತಪ್ಪು ಕಣ್ಣಿಗೆ ಬಿದ್ದಿರಲೇ ಇಲ್ಲ, ಟಿವಿಯಲ್ಲಿ ಮಾತ್ರ ಬಯಲಾಯಿತು. ಸಾಲುಗಳನ್ನು ಬೆಸೆಯುವ ಡೀಇಂಟರ್ಲೇಸ್ ಗೋಜಿಗೆ ಹೋಗದೆ, 720×576ರ ಅಳತೆಯನ್ನೂ ಮುಟ್ಟದೆ, ಆ ಒಂದು ಆಯ್ಕೆಯನ್ನಷ್ಟೇ ತಿದ್ದಿ, ಎನ್‌ಕೋಡ್ ಆದ ಕಡತದಿಂದಲ್ಲ, ಮೂಲ ಡಿವಿ ಕಡತದಿಂದಲೇ ಮತ್ತೆ ಆರಂಭಿಸಿದೆ.

ಬರೆಯುವ ಕೆಲಸದ ಬಗ್ಗೆ ಹೇಳಬೇಕಾದ್ದು ಕಡಿಮೆ: ಇಮ್ಗ್‌ಬರ್ನ್ ಎಂಬ ತಂತ್ರಾಂಶದಲ್ಲಿ 8ಎಕ್ಸ್ ವೇಗ, ಕೊನೆಯಲ್ಲಿ ಬರೆದದ್ದು ಸರಿಯಿದೆಯೇ ಎಂದು ನೋಡುವ ವೆರಿಫೈ. ಮೂಲ ಡಿವಿ ಕಡತಗಳೆರಡನ್ನೂ 25 ಜಿಬಿಯ ಬ್ಲೂ-ರೇ ಡಿಸ್ಕಿಗೆ ಡೇಟಾ ರೂಪದಲ್ಲೇ ಬರೆದಿಟ್ಟೆ. ಅದು ಪ್ಲೇಯರಿನಲ್ಲಿ ಓಡದು, ಆದರೆ ಅದರಲ್ಲಿ ಒಂದು ಬಿಟ್ ಕೂಡ ಕಳೆದಿಲ್ಲ. ಹೊಸ ಡಿವಿಡಿಯಲ್ಲಿ ಅಮ್ಮ ಅಕ್ಷತೆಯ ದೃಶ್ಯವನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರು. ಎರಡನೆಯ ಸಲ ಅವರ ಗಮನವಿದ್ದದ್ದು ಕಾಳಿನ ಮೇಲಲ್ಲ, ಹಿಂದೆ ನಿಂತಿದ್ದ ಅಜ್ಜಿಯ ಮೇಲೆ.