ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿಯ ಹತೋಟಿ

ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಮೊದಲ ಕೆಲವು ವಾರಗಳಲ್ಲಿ ಮರಳು ಮತ್ತು ಗಾಜಿನ ಮೇಲೆ ಹರಡುವ ಕಂದು ಪದರ ಸಾಮಾನ್ಯವಾಗಿ ಸೂಕ್ಷ್ಮ ಏಕಕೋಶ ಪಾಚಿಗಳಾದ ಡಯಾಟಮ್‌ಗಳದು. ಅವುಗಳ ಕವಚಕ್ಕೆ ಬೇಕಾದ, ನೀರಿನಲ್ಲಿ ಕರಗಿದ ಸಿಲಿಕೇಟ್ ಮುಗಿಯುತ್ತ ಬಂದಂತೆ ಅದು ತಾನಾಗಿಯೇ ಕಡಿಮೆಯಾಗುವುದರಿಂದ ಔಷಧ ಸುರಿಯುವ ಅಗತ್ಯವಿಲ್ಲ. ಕೂದಲಿನಂಥ ಹಸಿರು ಪಾಚಿ ಹಾಗಲ್ಲ. ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಸಿಗುತ್ತಿರುವಷ್ಟು ಕಾಲವೂ ಅದು ಬೆಳೆಯುತ್ತಲೇ ಇರುತ್ತದೆ.

ಕಾರವಾರದವರಿಗೆ ಕಡಲ ನೀರನ್ನೇ ತಂದು ತುಂಬಿಸುವ ಆಸೆ ಸಹಜ. ಆದರೆ ಕಾಳಿ ನದಿ ಇಲ್ಲಿಯೇ ಸಮುದ್ರ ಸೇರುವುದರಿಂದ ಮಳೆಗಾಲದಲ್ಲಿ ದಡದ ನೀರಿನ ಲವಣಾಂಶ ಕುಸಿದು, ಹೂಳಿನೊಂದಿಗೆ ಪಾಚಿಗೆ ಬೇಕಾದ ಪೋಷಕಾಂಶಗಳೂ ಬರುತ್ತವೆ. ಆ ತಿಂಗಳುಗಳಲ್ಲಿ ಆರ್‌ಒ-ಡಿಐ (ಸೋಸಿ, ಕರಗಿದ ಲವಣಗಳನ್ನು ತೆಗೆದ) ನೀರಿಗೆ ಅಕ್ವೇರಿಯಂ ಉಪ್ಪನ್ನು ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ, ಉಪ್ಪಿನಂಶದ ಸೂಚಕ) 1.025ರ ಆಸುಪಾಸಿಗೆ ತರುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಸಿಲಿಕೇಟ್ ಕರಗಿರುವುದರಿಂದ, ಆವಿಯಾದಷ್ಟನ್ನು ತುಂಬಲೂ ಅದನ್ನು ಬಳಸಬಾರದು.

ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಿಗೊಳಿಸಿ, ನೇರ ಬಿಸಿಲು ತಪ್ಪಿಸಿ, ಮೀನುಗಳು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಉದ್ದ ಎಳೆಗಳನ್ನು ಕೈಯಿಂದ ಕಿತ್ತು ಹೊರತೆಗೆದು, ವಾರಕ್ಕೊಮ್ಮೆ ಶೇ. 10ರಷ್ಟು ನೀರನ್ನು ಬದಲಿಸಬೇಕು. ಪರೀಕ್ಷೆಯಲ್ಲಿ ಫಾಸ್ಫೇಟ್ ಸೊನ್ನೆ ತೋರಿದರೂ ನಂಬಿ ಕೂರಬಾರದು, ಏಕೆಂದರೆ ಪಾಚಿಯೇ ಅದನ್ನು ಹೀರಿಕೊಂಡಿರಬಹುದು. ಜೀವಿಗಳಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗಿಳಿದ ಮೇಲೆ ಟರ್ಬೊ ಎಂಬ ಕಡಲ ಬಸವನಹುಳುಗಳನ್ನು ಬಿಟ್ಟರೆ, ಉಳಿದ ಎಳೆಯ ಪಾಚಿಯನ್ನು ಅವು ಮೇಯುತ್ತವೆ.