ಉದ್ಯೋಗದ ಅರ್ಜಿಯೊಂದಿಗೆ ಆಧಾರ್ ಪ್ರತಿ ಕಳುಹಿಸುವ ಮುನ್ನ

ಕಾರವಾರ, ಶಿರಸಿ ಕಡೆಯಿಂದ ಗೋವಾ, ಬೆಂಗಳೂರಿನ ಖಾಸಗಿ ಕಂಪನಿಗಳಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕುವವರು ಬಯೋಡೇಟಾದಲ್ಲಿ ತಂದೆ-ತಾಯಿಯ ಹೆಸರು, ಜನ್ಮದಿನಾಂಕ, ಮನೆಯ ಪೂರ್ಣ ವಿಳಾಸ ಬರೆಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಬೇಕು.

ಗುರುತಿನ ದಾಖಲೆಯನ್ನು ಕೊಡಲೇಬೇಕಾಗಿ ಬಂದಾಗ, ಆಧಾರ್ ಪ್ರಾಧಿಕಾರದ ಜಾಲತಾಣದಿಂದ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣಿಸುವ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಂಡು, ಅದರ ಮೇಲೆ ಅಡ್ಡಲಾಗಿ ಕಂಪನಿಯ ಹೆಸರು, ಉದ್ದೇಶ ಮತ್ತು ದಿನಾಂಕವನ್ನು ಬರೆದು ಕಳುಹಿಸಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಿಸಿದರೆ, ಡೌನ್‌ಲೋಡ್ ಫೋಲ್ಡರಿನಲ್ಲೂ ರೀಸೈಕಲ್ ಬಿನ್‌ನಲ್ಲೂ ಪ್ರತಿ ಉಳಿಯದಂತೆ ಎದುರಿಗೇ ನಿಂತು ಅಳಿಸಿಸಿ, ವಾಟ್ಸಾಪ್ ವೆಬ್‌ನಿಂದ ಹೊರಬನ್ನಿ. ಇದನ್ನು ಮರೆಯುವವರೇ ಹೆಚ್ಚು.

ಕೈಗಾ ಅಣುವಿದ್ಯುತ್ ಸ್ಥಾವರ ಅಥವಾ ಕಾರವಾರದ ಸೀಬರ್ಡ್ ನೌಕಾನೆಲೆಯ ಹೆಸರಿನಲ್ಲಿ ನೇಮಕಾತಿಯ ಸಂದೇಶ ಬಂದರೆ, ಅಧಿಕೃತ ಜಾಲತಾಣದಲ್ಲಿ ಅಧಿಸೂಚನೆಯನ್ನು ನೋಡುವವರೆಗೆ ಯಾವ ವಿವರವನ್ನೂ ಕೊಡಬೇಡಿ. ಒಟಿಪಿಯನ್ನಂತೂ ಯಾರಿಗೂ ಹೇಳಬಾರದು. ವಂಚನೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.